ಸಾರಥಿ ಕಾರಿನ ಎಡಗಡೆ ಮಡ್‌ಗಾರ್ಡು

ದೀಪಾವಳಿಯ ಬೆನ್ನಿಗೆ ಬರುವ ಗೊರೆ ಹಬ್ಬ ಕಳೆದು ಮೂರು ವಾರವಾಗಿತ್ತು. ಗುರುಮೂರ್ತಿ ಅಂಗಳದಲ್ಲಿ ಕೂತು ಅರಿಶಿನದ ಹೊಲದ ನೀರಿನ ಪೈಪಿಗೆ ಹೊಸ ವಾಷರ್ ಕೂರಿಸುತ್ತಿದ್ದಾಗ ದೊಡ್ಡಮಾದ ತಲೆಯ ಮೇಲೆ ಬಿಳಿ ತಗಡೊಂದನ್ನು ಹೊತ್ತು ಬಂದ. ಒಂದು ಕಡೆ ಚಕ್ರದ ಮೇಲೆ ಕೂರುವ ಕಮಾನು, ಇನ್ನೊಂದು ಕಡೆ ದೀಪ ಕೂರುವ ದುಂಡು ತೂತು. ನಡುವಿನ ಭಾಗವೆಲ್ಲ ಎಣ್ಣೆಗೆ ಬಿದ್ದ ಹಪ್ಪಳದಂತೆ ಮುದುರಿಹೋಗಿತ್ತು.

“ಏನ್ಲಾ ಅದು?”

“ಎಡ್ಗಡೆ ಮಡ್‌ಗಾರ್ಡು ಕಣಣ್ಣ. ಆನೆ ಒತ್ತಿಬುಡ್ತು.”

ಗುರುಮೂರ್ತಿಯ ಹೆಂಡತಿ ಪುಟ್ಟನಂಜಮ್ಮ ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದರು. “ಅಯ್ಯೋ, ನಿನ್ಗೇನಾರ ಆಯ್ತೇನಪ್ಪ?”

“ನನ್ಗೇನೂ ಆಗ್ನಿಲ್ಲ ಕಣಕ್ಕ. ಓದ್ ವಾರ ಬೆಳಗಾಗೆ ಮಂಜು ಕವ್ಕಂಡಿತ್ತು. ಆಸನೂರ್ ತಿರುವ್ನಲ್ಲಿ ಒಂಟಿ ಸಲಗ ನಿಂತಿತ್ತು. ಇಂಜಿನ್ ಆರಿಸ್ಬುಟ್ಟು ಉಸ್ರು ಬುಡ್ದೆ ಕೂತ್ಕಂಡಿ. ಅದು ಬಂದು ಮೂಸ್ತು. ಅಣೆ ಕೊಟ್ಟು ಒಂದ್ಸಲ ಇಂಗೆ ಒತ್ತಿ, ತನ್ ಪಾಡ್ಗೆ ತಾನು ಓಯ್ತು. ಕ್ವಾಪ ಇರ್ನಿಲ್ಲ ಅದ್ಕೆ. ಕ್ವಾಪ ಇದ್ದಿದ್ರೆ ನಾನಿಲ್ಲಿ ಬತ್ತಿದ್ನಾ?”

ದೊಡ್ಡಮಾದ ಹಾಸನೂರಿನ ಆಚೆಯ ಪೋಡಿನವನು, ಅಂದರೆ ಸೋಲಿಗರ ಕಾಡಿನ ಹಾಡಿಯವನು, ನಲವತ್ತರ ಆಸುಪಾಸು. ಅವನಲ್ಲಿದ್ದದ್ದು ಒಂದು ಹಳೆಯ ಬಿಳಿ ಸಾರಥಿ ಕಾರು. ಪೋಡಿನ ಬಸುರಿಯರನ್ನು ತಾಳವಾಡಿಯ ಆಸ್ಪತ್ರೆಗೆ ಮುಟ್ಟಿಸುತ್ತಿದ್ದದ್ದು ಆ ಕಾರು, ಪಡಿತರದ ಅಕ್ಕಿ ತರುತ್ತಿದ್ದದ್ದು ಆ ಕಾರು. ಗುರುಮೂರ್ತಿಯ ಮಗಳು ಮಮತ ಪೋಡಿನ ಶಾಲೆಯ ಟೀಚರು; ಅವಳು ದಿನಾ ಹೋಗಿಬರುತ್ತಿದ್ದದ್ದೂ ಅದರಲ್ಲೇ. ಮಡ್‌ಗಾರ್ಡು ಕಿತ್ತು ಬಿಸಾಕಿ ಓಡಿಸಿದರೆ ಚಕ್ರದ ಕೆಸರೆಲ್ಲ ಗಾಜಿಗೆ ಹಾರುತ್ತಿತ್ತು. ಬಣ್ಣಾರಿ ಚೆಕ್‌ಪೋಸ್ಟಿನಲ್ಲಿ ಹಾಗೆ ಬಿಡುವುದಿಲ್ಲವೆಂದು ಎರಡು ಸಲ ಹಿಂದಕ್ಕೆ ಕಳಿಸಿದ್ದರು. ಕೊಯಮತ್ತೂರಿನ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಅವನು ಎಡತಾಕಿ ಬಂದಿದ್ದ.

“ಬಲ್ಗಡೆದು ಬೇಕಾ, ನಾಕು ಕೊಡ್ತೀವಿ ಅಂತಾರೆ. ಎಡ್ಗಡೆದು ಒಂದೂ ಇಲ್ವಂತೆ. ಎಲ್ರೂ ಎಡ್ಗಡೇನೇ ಉಜ್ಜಿ ಉಜ್ಜಿ ಆಳ್ಮಾಡವ್ರೆ. ಕಾರು ಮಾಡೋದ್ ನಿಂತು ಅದಿನೆಂಟು ವರ್ಸ ಆಯ್ತಲ್ಲಣ್ಣ. ನೀವು ಅದೇ ಪ್ಯಾಕ್ಟರೀಲಿ ಇದ್ರಿ ಅಂತ ಮಮತಮ್ಮ ಏಳುದ್ರು.”

ಗುರುಮೂರ್ತಿ ಮುದುರಿದ ತಗಡನ್ನು ತೊಡೆಯ ಮೇಲೆ ಹಾಕಿಕೊಂಡು, ಕಣ್ಣು ಮುಚ್ಚಿ, ದೀಪದ ತೂತಿನಿಂದ ಹಿಂದಕ್ಕೆ ಅಂಗೈ ಎಳೆದರು. ನಾಲ್ಕು ಬೆರಳಿನಷ್ಟು ಬಂದು ಕೈ ನಿಂತಿತು. ಆನೆಯ ಪೆಟ್ಟು ಅಲ್ಲಿಯವರೆಗೆ ಬಂದಿರಲಿಲ್ಲ.

“ಸುರು ಅಚ್ಕಂಡ್ರು,” ಎಂದರು ಪುಟ್ಟನಂಜಮ್ಮ. “ಈರೋಡ್ ಬಸ್‌ಸ್ಟಾಂಡ್ನಲ್ಲಿ ಕಂಡೋರ್ ಕಾರೆಲ್ಲ ಇಂಗೇ ಸವರ್ತಿದ್ರು ಕಣಪ್ಪ. ಒಂದ್ಸಲ ಕಾರ್ನೋರು ಬಂದು ಕಳ್ಳ ಅಂತ ಕೈ ಇಡ್ಕಂಡಿದ್ರು. ನನ್ಗೆ ಮಾನ ಓದಂಗಾಗಿತ್ತು.”

ಆ ಸವರುವ ಚಟಕ್ಕೆ ಒಂದು ಕಾರಣವಿತ್ತು.

ಗುರುಮೂರ್ತಿ ಈರೋಡಿನಲ್ಲಿ ಐಟಿಐ ಮುಗಿಸಿ, ಚೆನ್ನೈ ಆಚೆಯ ಕಾರು ಕಾರ್ಖಾನೆಯಲ್ಲಿ ಯಂತ್ರದ ಉಪಕರಣ ನೋಡಿಕೊಳ್ಳುವ ಟೂಲ್‌ರೂಮಿಗೆ ಸೇರಿದಾಗ ಇಪ್ಪತ್ತೊಂದು ವರ್ಷ. ಊರು ತಮಿಳುನಾಡಿನೊಳಗೇ ಇದ್ದರೂ ಬೆಟ್ಟದ ಮೇಲಿನ ಕನ್ನಡದ ಹುಡುಗ. ಅವರ ತಮಿಳು ಕೇಳಿದರೆ ಅಲ್ಲಿನವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅದಕ್ಕೇ ಮಾತು ಕಡಿಮೆ ಮಾಡಿ ಕೈಕೆಲಸ ಹೆಚ್ಚು ಮಾಡಿದರು. ಐದು ವರ್ಷ ಕಳೆದ ಮೇಲೆ ಒಂದು ದಿನ ಬಂದರಿನಿಂದ ಟ್ರೇಲರುಗಳಲ್ಲಿ ಭಾರಿ ಮರದ ಪೆಟ್ಟಿಗೆಗಳು ಬಂದವು. ಒಡೆದು ನೋಡಿದರೆ ಒಳಗೆ ಕಬ್ಬಿಣದ ಅಚ್ಚುಗಳು. ತಗಡನ್ನು ನಡುವೆ ಒತ್ತಿ ಕಾರಿನ ಆಕಾರಕ್ಕೆ ತರುವ ಅವಕ್ಕೆ ಟೂಲ್‌ರೂಮಿನವರು ಡೈ ಅನ್ನುತ್ತಿದ್ದರು. ಒಂದೊಂದೂ ಒಂದು ಎತ್ತಿನಗಾಡಿಯಷ್ಟು ದೊಡ್ಡದು, ಮೈಮೇಲೆ ಯಾವುದೋ ದೇಶದ ಓದಲಾಗದ ಅಕ್ಷರ. ಅಲ್ಲಿ ಒಂದು ಕಾರನ್ನು ಹದಿನಾಲ್ಕು ವರ್ಷ ಮಾಡಿ, ಹಳತಾಯಿತೆಂದು ನಿಲ್ಲಿಸಿ, ಅದರ ಅಚ್ಚುಗಳನ್ನೆಲ್ಲ ನಮ್ಮವರಿಗೆ ಮಾರಿದ್ದರು. ಸಮುದ್ರದ ಗಾಳಿಗೆ ಎಲ್ಲದಕ್ಕೂ ತುಕ್ಕು ಹಿಡಿದಿತ್ತು.

“ಅಲ್ಲಿ ಸತ್ತ ಕಾರು ಇಲ್ಲಿ ಹುಟ್ಟುತ್ತೆ, ಉಜ್ಜು,” ಎಂದು ಕುಂಭಕೋಣದ ಕಡೆಯ ಫೋರ್‌ಮನ್ ಗುರುಮೂರ್ತಿಯ ಕೈಗೆ ಸೀಮೆಎಣ್ಣೆಯ ಡಬ್ಬಿ, ಉಜ್ಜುವ ಕಲ್ಲು ಕೊಟ್ಟ. ಗುರುಮೂರ್ತಿಯ ಪಾಲಿಗೆ ಬಂದದ್ದು ಎಡಗಡೆ ಮಡ್‌ಗಾರ್ಡಿನ ಅಚ್ಚು. ಮೂರು ತಿಂಗಳು ಉಜ್ಜಿದರು. ಅಚ್ಚಿಗೆ ನೀಲಿ ಹಚ್ಚಿ, ಗಂಡು ಹೆಣ್ಣು ಎರಡು ಭಾಗವನ್ನೂ ಕೂಡಿಸಿ ತೆಗೆದು, ನೀಲಿ ಎಲ್ಲಿ ಅಂಟಿದೆ ಎಲ್ಲಿ ಅಂಟಿಲ್ಲ ನೋಡಿ ಮತ್ತೆ ಉಜ್ಜುವುದು. ಕಣ್ಣಿಗೆ ಕಾಣದ ಏರುತಗ್ಗನ್ನು ಅಂಗೈ ಹೇಳುತ್ತದೆ ಎಂದು ಆ ಫೋರ್‌ಮನ್ ಕಲಿಸಿದ. ಬಲಗೈಗಿಂತ ಎಡಗೈ ವಾಸಿ, ಬಲಗೈ ಕೆಲಸ ಮಾಡಿ ಜಡ್ಡುಗಟ್ಟಿರುತ್ತದೆ ಅನ್ನುತ್ತಿದ್ದ. ಸಾರಥಿಯ ಮೊದಲ ಎಡ ಮಡ್‌ಗಾರ್ಡು ಒತ್ತುವ ಯಂತ್ರದಿಂದ, ಪ್ರೆಸ್ಸಿನಿಂದ, ಹೊರಬಂದ ದಿನ ಎಲ್ಲರೂ ಕ್ಯಾಂಟೀನಿಗೆ ಓಡಿದರೆ, ಗುರುಮೂರ್ತಿ ಮಾತ್ರ ಇನ್ನೂ ಬಿಸಿಯಾಗಿದ್ದ ಆ ತಗಡನ್ನು ಹಿಡಿದುಕೊಂಡು ನಿಂತಿದ್ದರು.

ಆಮೇಲೆ ರಜಕ್ಕೆ ಊರಿಗೆ ಬರುವಾಗೆಲ್ಲ ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳಲ್ಲಿ ಎದುರಾಗುವ ಸಾರಥಿ ಕಾರುಗಳನ್ನು ಕಿಟಕಿಯಿಂದ ಎಣಿಸುವುದೇ ಅವರಿಗೆ ಕೆಲಸವಾಯಿತು. ಮದುವೆಯಾದ ಹೊಸತರಲ್ಲಿ ಪಕ್ಕದಲ್ಲಿ ಕೂತ ಪುಟ್ಟನಂಜಮ್ಮನಿಗೂ ಎಣಿಸಲು ಹೇಳಿದ್ದರು. ಆಕೆ ಹತ್ತನೇ ತಿರುವಿಗೇ ತಲೆ ಸುತ್ತಿ ಒರಗಿಬಿಟ್ಟಿದ್ದರು.

ತೊಂಬತ್ತೊಂದರ ಒಂದು ಮಧ್ಯಾಹ್ನ ತಪ್ಪೊಂದು ನಡೆಯಿತು. ಅಚ್ಚಿನ ಬೋಲ್ಟು ಬಿಗಿ ಮಾಡಿದ ಗುರುಮೂರ್ತಿ ಸ್ಪ್ಯಾನರನ್ನು ಅಚ್ಚಿನ ಮೇಲೆಯೇ ಮರೆತರು. ಪ್ರೆಸ್ಸು ಇಳಿಯಿತು. ಸ್ಪ್ಯಾನರು ಚಪಾತಿಯಾಯಿತು, ಅಚ್ಚಿನಲ್ಲಿ ಹೆಬ್ಬೆರಳು ಹೂತಷ್ಟು ಗಾಯವಾಯಿತು. ಕೆಲಸ ಹೋಯಿತೆಂದೇ ತಿಳಿದು ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಫೋರ್‌ಮನ್ ಬೈಯಲಿಲ್ಲ. “ನೀನು ಮಾಡಿದ್ದು, ನೀನೇ ತುಂಬು,” ಎಂದ. ಬೆಸುಗೆ ಹಾಕಿ ತುಂಬಿ, ಮೂರು ದಿನ ಊಟ ತಿಂಡಿ ಅಲ್ಲೇ ಮಾಡಿ, ಉಜ್ಜಿ ಉಜ್ಜಿ ಸಮ ಮಾಡಿದರು. ತಪಾಸಣೆಯವರು ನೋಡಿ ಸರಿಯಿದೆ ಎಂದರು. ಆದರೆ ಒಂದು ಕಡೆ ಕೂದಲಿನಷ್ಟು ಏರು ಉಳಿದಿತ್ತು. ಅಚ್ಚಿನಲ್ಲಿ ಏರಿದ್ದರೆ ತಗಡಿನಲ್ಲಿ ತಗ್ಗು. ಅದು ಗೊತ್ತಿದ್ದದ್ದು ಫೋರ್‌ಮನ್‌ಗೆ ಮತ್ತು ಗುರುಮೂರ್ತಿಗೆ, ಇಬ್ಬರಿಗೇ.

ಅಚ್ಚು ಒಮ್ಮೆ ತಪ್ಪಿದರೆ ಮುಗಿಯಿತು, ಅದರಿಂದ ಬಂದದ್ದೆಲ್ಲ ಅದೇ ತಪ್ಪನ್ನು ಹೊತ್ತು ಬರುತ್ತದೆ. ಅಲ್ಲಿಂದ ಮುಂದೆ ಹದಿನೈದು ವರ್ಷ ಆದ ಸಾರಥಿ ಕಾರುಗಳೆಲ್ಲ ಎಡಗಡೆ ದೀಪದ ಹಿಂದೆ ನಾಲ್ಕು ಬೆರಳಿನಾಚೆ ಆ ತಗ್ಗನ್ನು ಇಟ್ಟುಕೊಂಡೇ ದೇಶವೆಲ್ಲ ಓಡಾಡಿದವು. ಮದುವೆಯ ದಿಬ್ಬಣದಲ್ಲಿ, ಆಸ್ಪತ್ರೆಯ ಮುಂದೆ, ಪಳನಿ ಬೆಟ್ಟದ ಕೆಳಗೆ, ಎಲ್ಲಿ ಸಾರಥಿ ನಿಂತಿದ್ದರೂ ಗುರುಮೂರ್ತಿಯ ಎಡಗೈ ಹೋಗಿ ಅದನ್ನು ಮುಟ್ಟುತ್ತಿತ್ತು.

ಎರಡು ಸಾವಿರದ ಆರರಲ್ಲಿ ಸಾರಥಿ ನಿಂತಿತು. ಕಡೆಯ ಕಾರಿಗೆ ಹಾರ ಹಾಕಿ ಎಲ್ಲರೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು. ಆದರೆ ಅಚ್ಚುಗಳ ಕೆಲಸ ಮುಗಿದಿರಲಿಲ್ಲ. ರಸ್ತೆಯ ಮೇಲಿನ ಕಾರುಗಳಿಗೆ ಇನ್ನೂ ಹತ್ತಾರು ವರ್ಷ ಬಿಡಿಭಾಗ ಕೊಡಬೇಕಿತ್ತು. ಹೊಸ ಮಾಡೆಲ್ಲಿಗೆ ಜಾಗ ಬೇಕಾದದ್ದರಿಂದ ಅವನ್ನು ಮೊದಲು ಹಿತ್ತಲಿನ ಬಯಲಿಗೆ ಹಾಕಿದರು. ಬಿಸಿಲು ಮಳೆಗೆ ಅವುಗಳ ನಡುವೆ ಹುಲ್ಲು ಬೆಳೆದು ಹಾವು ಸೇರಿಕೊಂಡವು. ಆಮೇಲೆ ಒಂದೊಂದಾಗಿ ಸಣ್ಣ ಪ್ರೆಸ್ ಶಾಪುಗಳಿಗೆ ವಹಿಸಿದರು. ಅಚ್ಚು ಕಂಪನಿಯದೇ, ಬೇಕಾದಾಗ ಒತ್ತಿಕೊಡುವುದು ಅವರ ಕೆಲಸ. ಎಡಗಡೆ ಮಡ್‌ಗಾರ್ಡಿನ ನಾಲ್ಕು ಅಚ್ಚುಗಳು ಕೊಯಮತ್ತೂರಿನ ಅಂಚಿನ ಒಂದು ಶಾಪಿಗೆ ಹೋದವು. ಒಪ್ಪಿಸಿ, ಕೆಲಸ ಕಲಿಸಿ ಬರಲು ಕಂಪನಿ ಕಳಿಸಿದ್ದು ಗುರುಮೂರ್ತಿಯನ್ನೇ. ನಿವೃತ್ತರಾಗಿ ಊರಿಗೆ ಬಂದ ಮೇಲೆ ಅವರು ಆ ಕಡೆ ಹೋಗಿರಲಿಲ್ಲ.

ಹಳೆಯ ಡೈರಿಯಲ್ಲಿ ಆ ಶಾಪಿನ ನಂಬರಿತ್ತು. ಫೋನ್ ಎತ್ತಿದ್ದು ಒಂದು ಹೆಂಗಸು. ಯಜಮಾನರ ಮಗಳು ಲೋಕೇಶ್ವರಿ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು, ಈಗ ತಾನೇ ಶಾಪು ನೋಡಿಕೊಳ್ಳುತ್ತಿದ್ದೇನೆ ಎಂದರು. ಗುರುಮೂರ್ತಿ ತಮಿಳಿನಲ್ಲಿ ವಿಷಯ ಹೇಳಿದರು.

“ಸರಿಯಾದ ಹೊತ್ತಿಗೆ ಕೇಳಿದ್ರಿ ಅಣ್ಣಾ,” ಎಂದರು ಲೋಕೇಶ್ವರಿ. “ಕಂಪನಿಯಿಂದ ಕಾಗದ ಬಂದಿದೆ. ಬಿಡಿಭಾಗ ಕೊಡೋ ಗಡುವು ಮುಗೀತಂತೆ. ತಿಂಗಳ ಕಡೇ ದಿನ ಅಚ್ಚನ್ನ ಒಡೆದು, ಫೋಟೊ ತೆಗೆದು ಕಳಿಸಿ, ಎರಕಕ್ಕೆ ಹಾಕಬೇಕು. ಇನ್ನು ನಾಲ್ಕು ದಿನ ಇದೆ. ಅಷ್ಟರೊಳಗೆ ಒತ್ತಬಹುದು. ಆದ್ರೆ ಒತ್ತೋಕೆ ಬರೋರು ನಮ್ಮಲ್ಲಿ ಯಾರೂ ಇಲ್ಲ.”

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಗುರುಮೂರ್ತಿ, ದೊಡ್ಡಮಾದ ಇಬ್ಬರೂ ಘಾಟಿ ಇಳಿದರು. ಪುಟ್ಟನಂಜಮ್ಮ ಎರಡು ದಿನಕ್ಕಾಗುವಷ್ಟು ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಕಟ್ಟಿಕೊಟ್ಟಿದ್ದರು. “ಆ ಕಬ್ಣ ಮುಟ್ಕಂಡು ಅಲ್ಲೇ ಕೂತ್ಬುಡ್ಬೇಡಿ,” ಎಂದೂ ಹೇಳಿದ್ದರು.

ಶಾಪಿನ ಹಿಂದೆ ಒಂದು ಬೇವಿನ ಮರದ ಕೆಳಗೆ ಅಚ್ಚುಗಳು ಬಿದ್ದಿದ್ದವು. ಸಾರಥಿಯದು ಮಾತ್ರವಲ್ಲ; ನಿಂತುಹೋದ ಮೊಪೆಡ್ಡಿನ ಟ್ಯಾಂಕಿನದು, ಯಾವುದೋ ಟ್ರ್ಯಾಕ್ಟರಿನ ಬಾನೆಟ್ಟಿನದು, ಎರಡೇ ವರ್ಷ ಮಾರಾಟವಾಗಿ ಮಾಯವಾದ ಒಂದು ವ್ಯಾನಿನ ಬಾಗಿಲಿನದು. ಎಲ್ಲವೂ ಒಂದೇ ಕಂದು ಬಣ್ಣ.

“ಇವ್ರಲ್ಲಿ ನಿಮ್ದು ಯಾವ್ದಣ್ಣ?” ಎಂದ ದೊಡ್ಡಮಾದ. ಕೇಳಿ ನಾಲಿಗೆ ಕಚ್ಚಿಕೊಂಡು “ಇವುಗಳಲ್ಲಿ,” ಎಂದು ತಿದ್ದಿಕೊಂಡ.

ನಂಬರಿನ ತಗಡು ಕಿತ್ತುಹೋಗಿತ್ತು. ಗುರುಮೂರ್ತಿ ಬೇವಿನೆಲೆ ಗುಡಿಸಿ, ಬಟ್ಟೆಗೆ ಸೀಮೆಎಣ್ಣೆ ಅದ್ದಿ ಒಂದರ ಮೈ ಒರೆಸಿದರು. ಓದಲಾಗದ ಆ ಪರದೇಶದ ಅಕ್ಷರಗಳು ಕಂಡವು. ಎಡಗೈ ಇಟ್ಟು ಎಳೆದರು. ಬೆಸುಗೆಯ ಏರು ಬೆರಳಿಗೆ ತಾಗಿತು. “ಇದೇ,” ಎಂದರು. ಸ್ವಲ್ಪ ಹೊತ್ತು ಬೇವಿನ ಮರದ ಕಡೆ ಮುಖ ಮಾಡಿ ನಿಂತರು.

ಮಡ್‌ಗಾರ್ಡಿಗೆ ನಾಲ್ಕು ಅಚ್ಚು ಬೇಕು. ಮೊದಲನೆಯದು ಚಪ್ಪಟೆ ತಗಡನ್ನು ಎಳೆದು ಆಕಾರಕ್ಕೆ ತರುತ್ತದೆ, ಎರಡನೆಯದು ಸುತ್ತಲಿನ ಹೆಚ್ಚುವರಿ ತಗಡು ಕತ್ತರಿಸುತ್ತದೆ, ಮೂರನೆಯದು ಅಂಚು ಮಡಿಸುತ್ತದೆ, ನಾಲ್ಕನೆಯದು ತೂತು ಹೊಡೆಯುತ್ತದೆ. ಉಳಿದಿದ್ದದ್ದು ಮೊದಲನೆಯದೊಂದೇ. ಮಿಕ್ಕ ಮೂರೂ ಹಲ್ಲು ಮುರಿದು, ಎರಡು ವರ್ಷದ ಹಿಂದೆಯೇ ಕಂಪನಿಯ ಒಪ್ಪಿಗೆ ಪಡೆದು ಗುಜರಿಗೆ ಹೋಗಿದ್ದವು.

“ಹಾಗಾದ್ರೆ ಆಗಲ್ಲ ಅಲ್ವಾ ಅಣ್ಣಾ?” ಎಂದರು ಲೋಕೇಶ್ವರಿ.

“ಆಕಾರ ಬಂದರೆ ಸಾಕಮ್ಮ. ಮಿಕ್ಕ ಮೂರು ಕೆಲಸ ಕೈಯಲ್ಲಿ ಮಾಡ್ತೀನಿ,” ಎಂದರು ಗುರುಮೂರ್ತಿ.

ಆ ದಿನವೆಲ್ಲ ಅಚ್ಚನ್ನು ಉಜ್ಜುವುದರಲ್ಲೇ ಕಳೆಯಿತು. ದೊಡ್ಡಮಾದನೂ ಲುಂಗಿ ಎತ್ತಿಕಟ್ಟಿ ಕಲ್ಲು ಹಿಡಿದ. ಕಾಡಿನಲ್ಲಿ ಜೇನು ಬಿಡಿಸುವ ಕೈ, ಅವಸರವಿಲ್ಲದೆ ಒಂದೇ ಸಮನೆ ಉಜ್ಜುತ್ತಿತ್ತು. “ನಿನ್ನ ಕೈ ಟೂಲ್‌ರೂಮಿಗೆ ಆಗ್ತಿತ್ತು ಕಣ್ಲಾ,” ಎಂದು ಗುರುಮೂರ್ತಿ ಹೇಳಿದಾಗ ಅವನು, “ಆ ಸಬ್ದದೊಳ್ಗೆ ನಾನ್ ಒಂದಿನಾನೂ ಇರ್ನಾರೆ,” ಎಂದು ನಕ್ಕ.

ಎರಡನೆಯ ದಿನ ಕ್ರೇನಿನಿಂದ ಅಚ್ಚನ್ನೆತ್ತಿ ಪ್ರೆಸ್ಸಿಗೆ ಕಟ್ಟಿದರು. ಲೋಕೇಶ್ವರಿ ಬೇರೆ ಕೆಲಸಕ್ಕೆಂದು ತರಿಸಿದ್ದ ಉಕ್ಕಿನ ಹಾಳೆಯಲ್ಲಿ ಐದು ತುಂಡು ಕತ್ತರಿಸಿಕೊಟ್ಟಿದ್ದರು. ಐದೇ. ಮೊದಲನೆಯದು ಮೂಲೆಯಲ್ಲಿ ಪಟ್ಟನೆ ಹರಿಯಿತು. ಎರಡನೆಯದನ್ನು ಹಿಡಿತ ಸಡಿಲಿಸಿ ಒತ್ತಿದರೆ ಸೆರಗಿನ ನೆರಿಗೆಯಂತೆ ಸುಕ್ಕು ಬಂತು. ಗುರುಮೂರ್ತಿ ಅಚ್ಚಿನ ನಾಲ್ಕು ಮೂಲೆಗೂ ಬೇರೆ ಬೇರೆ ದಪ್ಪದ ತೆಳು ಪಟ್ಟಿ ಕೊಟ್ಟರು, ಎಣ್ಣೆಯನ್ನು ಒಂದು ಕಡೆ ಹೆಚ್ಚು, ಒಂದು ಕಡೆ ಬರೀ ತೇವ ಮಾಡಿ ಹಚ್ಚಿದರು. ಮೂರನೆಯದೂ ಹರಿಯಿತು, ಆದರೆ ಬಿರುಕು ಬೆರಳುದ್ದವಿದ್ದದ್ದು ಉಗುರಿನಷ್ಟಾಗಿತ್ತು. ಪ್ರೆಸ್ಸಿನವನು ಹಣೆ ಒರೆಸಿಕೊಂಡು ಲೋಕೇಶ್ವರಿಯ ಮುಖ ನೋಡಿದ. ಅವರು ನಾಲ್ಕನೆಯ ತುಂಡನ್ನು ಮುಂದಕ್ಕೆ ತಳ್ಳಿದರು.

ಗುರುಮೂರ್ತಿ ಆ ಮೂಲೆಯ ಒಂದು ಜಾಗವನ್ನು ಸಣ್ಣ ಕಲ್ಲಿನಿಂದ ಅರ್ಧ ಗಂಟೆ ತಿಕ್ಕಿದರು. “ಈಗ ಇಳಿಸಪ್ಪ. ನಿಧಾನ.”

ಪ್ರೆಸ್ಸು ಇಳಿಯಿತು, ನಿಂತಿತು, ಏರಿತು. ಅಚ್ಚಿನ ಮೇಲೆ ಒಂದು ಎಡ ಮಡ್‌ಗಾರ್ಡು ಮಲಗಿತ್ತು, ಸುತ್ತ ಇನ್ನೂ ಕತ್ತರಿಸದ ತಗಡಿನ ಅಂಚು ಸಮೇತ. ಎಲ್ಲೂ ಬಿರುಕಿಲ್ಲ, ಸುಕ್ಕಿಲ್ಲ. ದೊಡ್ಡಮಾದ ಹತ್ತಿರ ಬಂದು ಅದನ್ನು ಮುಟ್ಟಿ, ಬಿಸಿಗೆ ಕೈ ಹಿಂದಕ್ಕೆಳೆದುಕೊಂಡ. “ಈಗ್ತಾನೆ ಉಟ್ಟಂಗೈತೆ ಕಣಣ್ಣ!”

ಅಂಚು ಕತ್ತರಿಸಿ, ಅರ ಹಾಕಿ, ಮರದ ಸುತ್ತಿಗೆಯಿಂದ ಬಡಿದು ಬಡಿದು ಮಡಿಸಲು ಒಂದೂವರೆ ದಿನ ಹಿಡಿಯಿತು. ಹಳೆಯ ಮಡ್‌ಗಾರ್ಡನ್ನು ಅಳತೆಗೆಂದು ಹೊತ್ತು ತಂದಿದ್ದರಿಂದ ತೂತುಗಳ ಜಾಗ ಗುರುತು ಹಾಕುವುದು ಸುಲಭವಾಯಿತು. ಎಲ್ಲ ಮುಗಿದ ಮೇಲೆ ಗುರುಮೂರ್ತಿ ಎಡಗೈ ಎಳೆದು ನೋಡಿದರು. ತಗ್ಗು ಅಲ್ಲೇ ಇತ್ತು, ಮೂವತ್ತಮೂರು ವರ್ಷದ ಹಿಂದಿನ ಆ ಮಧ್ಯಾಹ್ನದ್ದು.

ತಗಡಿನ ಮೇಲಾದರೆ ಅದನ್ನು ಎತ್ತುವುದು ಹತ್ತು ನಿಮಿಷದ ಕೆಲಸ. ಅವರು ಕಬ್ಬಿಣದ ಗುಂಡೊಂದನ್ನು ಹೊರಗಡೆಯಿಂದ ಆನಿಸಿ, ಒಳಗಡೆಯಿಂದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ತಟ್ಟುವುದು, ಸವರುವುದು, ಮತ್ತೆ ತಟ್ಟುವುದು. ಕಡೆಗೊಮ್ಮೆ ಕೈ ಎಲ್ಲೂ ನಿಲ್ಲದೆ ದೀಪದ ತೂತಿನಿಂದ ಬಾಗಿಲಿನ ಅಂಚಿನವರೆಗೆ ಸಾಗಿಹೋಯಿತು. ಆ ತಪ್ಪಿನ ಮೇಲೆ ಬಂದ ಲಕ್ಷಾಂತರ ಎಡ ಮಡ್‌ಗಾರ್ಡುಗಳಲ್ಲಿ ಇದೊಂದು ಸರಿಯಾಗಿತ್ತು. ಸಂತೋಷವಾಗಬೇಕಿತ್ತು. ಯಾಕೋ ಅದು ಬೇರೆ ಯಾರದೋ ಕಾರಿನದು ಅನ್ನಿಸಿತು. ಅಭ್ಯಾಸದ ಕೈ ತಗ್ಗನ್ನು ಹುಡುಕಿ ಬರಿಗೈಲಿ ವಾಪಸು ಬಂದಂತಾಯಿತು. ಅದನ್ನು ಯಾರಿಗೂ ಹೇಳದೆ ಹಳೆಯ ಕಂಬಳಿಯಲ್ಲಿ ಮಡ್‌ಗಾರ್ಡನ್ನು ಸುತ್ತಿಟ್ಟರು.

ತಿಂಗಳ ಕಡೆಯ ದಿನ ಅಚ್ಚು ಒಡೆಯಲು ಇಬ್ಬರು ಬಂದರು. ಲೋಕೇಶ್ವರಿ, “ಅಣ್ಣಾ, ನೀವು ಟೀ ಕುಡಿದು ಬನ್ನಿ. ಇದನ್ನ ನೋಡಬೇಡಿ,” ಎಂದರು. ಗುರುಮೂರ್ತಿ ಹೊರಟರು ಕೂಡ. ಗೇಟಿನವರೆಗೆ ಹೋಗಿ ಹಿಂದಿರುಗಿ ನೋಡಿದರೆ, ಆ ಇಬ್ಬರೂ ಗ್ಯಾಸ್ ಹಚ್ಚಿ ಅಚ್ಚನ್ನು ಕೊಯ್ಯಲು ಹೆಣಗುತ್ತಿದ್ದರು. ಬೆಂಕಿ ಉಗುಳುತ್ತಿತ್ತು, ಕಿಡಿ ಹಾರುತ್ತಿತ್ತು, ಅಚ್ಚಿನ ಮೈ ಸುಟ್ಟು ಗುಳಿ ಬೀಳುತ್ತಿತ್ತೇ ಹೊರತು ಕೊಯ್ಯಲಾಗುತ್ತಿರಲಿಲ್ಲ. ಎರಕದ ಕಬ್ಬಿಣಕ್ಕೆ ಗ್ಯಾಸು ಹತ್ತುವುದಿಲ್ಲ.

ಐದು ನಿಮಿಷ ಅದನ್ನು ನೋಡಿದರು. ಆಮೇಲೆ ನೋಡಲಾಗಲಿಲ್ಲ. ವಾಪಸು ಬಂದು, “ನಿಲ್ಸಿ. ಹಿಂಸೆ ಕೊಡಬೇಡಿ ಅದಕ್ಕೆ,” ಎಂದರು. ಕ್ರೇನಿನಲ್ಲಿ ಅಚ್ಚನ್ನು ಮಗುಚಿಸಿ, ಒಳಗಿನ ಪಕ್ಕೆಲುಬಿನಂಥ ಅಡ್ಡಪಟ್ಟಿಗಳ ನಡುವೆ ಎಲ್ಲಿ ತೆಳುವಿದೆ ಎಂದು ಬೆರಳಲ್ಲಿ ತಟ್ಟಿ, ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆದರು. “ಈ ಗೆರೆ ಮೇಲೆ ಸಾಲಾಗಿ ತೂತು ಕೊರೀರಿ. ಆಮೇಲೆ ಬೆಣೆ ಹಾಕಿ ಹೊಡೀರಿ. ತಾನೇ ಬಿಡುತ್ತೆ.”

ಹಾಗೇ ಮಾಡಿದರು. ಮೂರನೆಯ ಬೆಣೆಗೆ ಅಚ್ಚು ಬಿಟ್ಟಿತು. ಒಡೆದ ಮುಖ ಹೊಸದಾಗಿ, ಬೂದು ಬಣ್ಣವಾಗಿ, ಹರಳು ಹರಳಾಗಿ ಹೊಳೆಯಿತು. ಅದು ಎರಕವಾಗಿ ಐವತ್ತು ವರ್ಷ ದಾಟಿತ್ತು, ಎರಡು ದೇಶದಲ್ಲಿ ಬಾಳಿತ್ತು. ಆ ಒಳಮೈಯನ್ನು ಯಾರೂ ನೋಡಿರಲಿಲ್ಲ. ಗುರುಮೂರ್ತಿ ಬಗ್ಗಿ ಅದನ್ನು ನೋಡಿದರು. ಒಂದು ಗುಳ್ಳೆಯಿಲ್ಲ, ಒಂದು ಕಲ್ಮಷವಿಲ್ಲ.

“ಯಾರೋ ಚೆನ್ನಾಗಿ ಎರಕ ಹೊಯ್ದಿದ್ದಾರಮ್ಮ,” ಎಂದರು ಲೋಕೇಶ್ವರಿಗೆ. ಅವರು ಫೋಟೊ ತೆಗೆದುಕೊಳ್ಳುತ್ತಿದ್ದವರು ಫೋನ್ ಕೆಳಗಿಳಿಸಿ ತಾವೂ ಬಗ್ಗಿ ನೋಡಿದರು.

ಸಂಜೆಯ ಬಸ್ಸಿಗೆ ಸತ್ಯಮಂಗಲದಲ್ಲಿ ಕಂಬಳಿಯ ಗಂಟು ಹತ್ತಿಸುವಾಗ ಕಂಡಕ್ಟರ್ ಅಡ್ಡ ನಿಂತ. “ಏನದು ತಾತಾ, ವಿಮಾನದ ರೆಕ್ಕೆಯಾ?” ಬಸ್ಸಿನವರೆಲ್ಲ ನಕ್ಕರು. ಕಾರಿನ ಮಡ್‌ಗಾರ್ಡು, ಆನೆ ಮುರಿದಿತ್ತು ಅಂದ ಮೇಲೆ ನಗು ನಿಂತು ಎಲ್ಲರೂ ಆನೆಯ ಕಥೆ ಕೇಳಿದರು. ಹಿಂದಿನ ಸೀಟಿನವರು ತಾವೇ ಎದ್ದು ಜಾಗ ಬಿಟ್ಟುಕೊಟ್ಟರು. ದೊಡ್ಡಮಾದ ಪೂರ್ತಿ ಘಾಟಿ ಅದೇ ಕಥೆ ಹೇಳಿದ. ಪ್ರತಿ ತಿರುವಿಗೂ ಆನೆ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತ ಬಂತು.

ದಿಂಬಂನಲ್ಲಿ ಬಸ್ಸು ನಿಂತಾಗ ಇಬ್ಬರೂ ಇಳಿದು ಟೀ ಕುಡಿದರು. ಮಂಜು ಏರುತ್ತಿತ್ತು. ದೊಡ್ಡಮಾದ ಲೋಟ ಕೈಯಲ್ಲಿ ಹಿಡಿದು ಕೇಳಿದ:

“ಅದ ಒಡ್ಯಾಗ ನಿಮ್ಗೆ ಎಂಗಾಯ್ತಣ್ಣ?”

ಗುರುಮೂರ್ತಿ ಯೋಚಿಸಿದರು. “ಸಬ್ದ ಸಣ್ದಾಗಿತ್ತು ಕಣ್ಲಾ. ಅಷ್ಟ್ ದೊಡ್ದು, ಅಷ್ಟ್ ವರ್ಸದ್ದು. ಇನ್ನೂ ದೊಡ್ ಸಬ್ದ ಬತ್ತದೆ ಅನ್ಕಂಡಿದ್ದಿ. ಅಷ್ಟೇಯ.”

“ನಮ್ಮಲ್ಲೂ ಅಂಗೇ ಕಣಣ್ಣ. ದೊಡ್ ಮರ ಒಣ್ಗಿ ನಿಂತಿರ್ತದೆ, ಬೀಳೋದ್ ಗೊತ್ತೇ ಆಗಲ್ಲ,” ಎಂದ ದೊಡ್ಡಮಾದ. ಆಮೇಲೆ ಲೋಟ ತೊಳೆದಿಟ್ಟು, “ಬನ್ನಿ, ಬಸ್ಸು ಅಲ್ಲಾಡ್ತಾದೆ,” ಎಂದ.

ತಾಳವಾಡಿಯ ತಗಡಿನ ಅಂಗಡಿಯವನು ಎರಡು ದಿನದಲ್ಲಿ ಮಡ್‌ಗಾರ್ಡನ್ನು ಕೂರಿಸಿದ. ಹಳೆಯ ಬಿಳಿಗೆ ಹೊಸ ಬಿಳಿ ಹೊಂದಲಿಲ್ಲ. ಕಾರು ಒಂದು ಕಡೆ ಹಾಲಿನಂತೆ, ಮಿಕ್ಕ ಕಡೆ ಹಳೆಯ ಪಂಚೆಯಂತೆ ಕಾಣುತ್ತಿತ್ತು. ಚೆಕ್‌ಪೋಸ್ಟಿನವರು ಸುತ್ತಿ ನೋಡಿ ಬಿಟ್ಟರು. ಮಮತ ಮತ್ತೆ ಅದರಲ್ಲೇ ಶಾಲೆಗೆ ಹೋಗತೊಡಗಿದಳು. ಆ ವಾರವೇ ಕೇತಿ ಎಂಬ ಚೊಚ್ಚಲ ಬಸುರಿಯನ್ನು ದೊಡ್ಡಮಾದ ಆಸ್ಪತ್ರೆಗೆ ಮುಟ್ಟಿಸಿದ, ಹೆಣ್ಣು ಮಗುವಾಯಿತು ಎಂದು ಮಮತ ಬಂದು ಹೇಳಿದಳು.

ಅಚ್ಚಿನ ತುಂಡುಗಳು ಪಂಪ್‌ಸೆಟ್ ಮಾಡುವ ಎರಕಶಾಲೆಗೆ ಹೋದವೆಂದು ಲೋಕೇಶ್ವರಿ ಫೋನ್ ಮಾಡಿ ತಿಳಿಸಿದರು. ಜೊತೆಗೆ ಇನ್ನೊಂದು ಮಾತು ಕೇಳಿದರು. ಬೇವಿನ ಮರದ ಕೆಳಗೆ ಇನ್ನೂ ಹನ್ನೊಂದು ಮಾಡೆಲ್ಲಿನ ಅಚ್ಚುಗಳಿವೆ, ಎಲ್ಲಕ್ಕೂ ಇನ್ನೂ ಗಡುವಿದೆ, ಎಲ್ಲೋ ಒಬ್ಬರು ಟ್ಯಾಂಕು ಬೇಕು ಬಾಗಿಲು ಬೇಕು ಎಂದು ಕೇಳುತ್ತಲೇ ಇರುತ್ತಾರೆ. ನಮ್ಮ ಶಾಪಿನ ಹೆಣ್ಣುಮಕ್ಕಳಿಬ್ಬರಿಗೆ ನೀಲಿ ಹಚ್ಚಿ ನೋಡುವುದು, ಕೈಯಲ್ಲಿ ಸವರಿ ತಿಳಿಯುವುದು ಕಲಿಯಬೇಕೆಂದಿದೆ. ತಿಂಗಳಿಗೆ ಎರಡು ದಿನ ಬರುತ್ತೀರಾ ಅಣ್ಣಾ?

ಗುರುಮೂರ್ತಿ ಫೋನ್ ಹಿಡಿದುಕೊಂಡೇ ಹೆಂಡತಿಯ ಮುಖ ನೋಡಿದರು. ಪುಟ್ಟನಂಜಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು, ತಲೆ ಎತ್ತಲಿಲ್ಲ.

“ಓಗ್ಬುಟ್ಟು ಬನ್ನಿ,” ಎಂದರು. “ಈ ಸಲ ನಾನೂ ಬತ್ತೀನಿ. ಆವಮ್ಮನ ನೋಡ್ಬೇಕು ನಾನು. ಆದ್ರೆ ತಿರುವ್ನಲ್ಲಿ ಕಾರು ಎಣ್ಸು ಅಂತ ಮಾತ್ರ ಏಳ್ಬೇಡಿ.”